ಎಂಜಿನ್ ಕೆಲಸದ ನಡುವೆ ಎಡವಟ್ಟಾದರೆ: ನನ್ನ ಅನುಭವ

ಕಾರಿನ ಎಂಜಿನ್ ಕೆಲಸ ನಾನೇ ಮಾಡಿಕೊಳ್ಳುತ್ತೇನೆ ಅಂದ ತಕ್ಷಣ ಜನ ಕೇಳುವುದು ಒಂದೇ ಮಾತು: "ಏನಾದರೂ ಮುರಿದು ಹೋದರೆ ಏನು ಮಾಡ್ತೀರಿ?" ಮುರಿಯುತ್ತದೆ, ಅದರಲ್ಲಿ ಅನುಮಾನವೇ ಬೇಡ. ವರ್ಷಗಟ್ಟಲೆ ಕಾದು, ತಣಿದು ಕೂತ ಬೋಲ್ಟುಗಳೆಲ್ಲ ಮರ್ಯಾದೆಯಿಂದ ಬಿಚ್ಚಿಕೊಳ್ಳುವುದಿಲ್ಲ. ಆದರೆ ಬರೀ ಒಂದು ಬೋಲ್ಟ್ ಮುರಿದಿದ್ದಕ್ಕೆ ಎಂಜಿನ್ ಹಾಳಾದದ್ದನ್ನು ನಾನು ನೋಡಿಲ್ಲ. ಮುರಿದ ಗಾಬರಿಯಲ್ಲಿ ಡ್ರಿಲ್ ಹಿಡಿದು, ಸಿಲಿಂಡರುಗಳ ಮೇಲೆ ಕೂರುವ ಹೆಡ್ಡನ್ನೇ ಕೊರೆದುಬಿಟ್ಟದ್ದನ್ನು ನೋಡಿದ್ದೇನೆ.

ಅದಕ್ಕೇ ನನ್ನದೊಂದು ಅಭ್ಯಾಸ ಇದೆ. ಏನೇ ಎಡವಟ್ಟಾಗಲಿ, ಸ್ಪ್ಯಾನರ್ ಕೆಳಗಿಟ್ಟು ಹೋಗಿ ಕೈ ತೊಳೆದುಕೊಳ್ಳುತ್ತೇನೆ. ಗ್ರೀಸು, ಮಸಿ ಎಲ್ಲ ಹೋಗುವ ಹಾಗೆ ಕೈ ತೊಳೆಯಲು ಸ್ವಲ್ಪ ಹೊತ್ತು ಬೇಕಲ್ವಾ, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಒಣಗಿದ ಕೈಯಲ್ಲಿ ಫೋನ್ ಹಿಡಿದು ಆ ಜಾಗದ ಫೋಟೋ ತೆಗೆಯುತ್ತೇನೆ. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದೆಯಾ ಅಂತ ಇನ್ನೊಮ್ಮೆ ನೋಡುತ್ತೇನೆ. ಏನಾದರೂ ಕೈಜಾರಿ ಬಿದ್ದಿದ್ದರೆ, ಅದು ಎಲ್ಲಿದೆ ಅಂತ ಗೊತ್ತಾಗುವವರೆಗೆ ಎಂಜಿನ್ನನ್ನು ಕೈಯಿಂದಲೂ ತಿರುಗಿಸುವುದಿಲ್ಲ, ಕೀಲಿಯಿಂದಲೂ ತಿರುಗಿಸುವುದಿಲ್ಲ. ಒಳಗೆ ಏನೋ ಬಿದ್ದಿರುವಾಗ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ತಿರುಗಿಸುವುದು ಕಣ್ಣಿಗೆ ಕಸ ಬಿದ್ದಾಗ ಕಣ್ಣು ಉಜ್ಜಿಕೊಂಡ ಹಾಗೆ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಮುರಿದ ಬೋಲ್ಟೇ. ಅದರಲ್ಲೂ ಥರ್ಮೋಸ್ಟಾಟ್ ಹೌಸಿಂಗ್ (ಎಂಜಿನ್ ತಣಿಸುವ ದ್ರವದ ಹರಿವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟಿನ ಕವಚ), ವಾಟರ್ ಪಂಪ್ ಇವುಗಳ ಬೋಲ್ಟುಗಳು. ಹೌಸಿಂಗ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು, ನಡುವೆ ಸಣ್ಣಗೆ ಜಿನುಗುವ ಆ ದ್ರವ, ಅಂದರೆ ಕೂಲಂಟ್. ಎರಡು ಬೇರೆ ಲೋಹ ಒದ್ದೆಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತಿಂದು ಹೋಗಿ ಬಿಳಿ ಪುಡಿ ಕಟ್ಟುತ್ತದೆ. ಆ ಪುಡಿಯೇ ಬೋಲ್ಟನ್ನು ಸುತ್ತಲೂ ಕಚ್ಚಿ ಹಿಡಿಯುತ್ತದೆ. ಬೋಲ್ಟಿನ ತಲೆಯ ಸುತ್ತ ಬಿಳಿ ಪುಡಿ ಕಂಡರೆ ನಾನು ಅವತ್ತು ಆ ಬೋಲ್ಟಿಗೆ ಸ್ಪ್ಯಾನರ್ ಹಾಕುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹೊಡೆದು, ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ಮೆತ್ತಗೆ ತಟ್ಟಿ, ಒಂದು ರಾತ್ರಿ ಬಿಡುತ್ತೇನೆ.

ಬಿಚ್ಚುವಾಗ ಕೈಗೆ ಗೊತ್ತಾಗುವ ವ್ಯತ್ಯಾಸ ಒಂದಿದೆ. ಸಡಿಲವಾಗುವ ಬೋಲ್ಟ್ ಟಕ್ ಅಂತ ಸದ್ದು ಮಾಡಿ ಬಿಡುತ್ತದೆ. ಮುರಿಯಲು ಹೊರಟ ಬೋಲ್ಟ್ ಸದ್ದಿಲ್ಲದೆ ಮೆತ್ತಗೆ ತಿರುಗುತ್ತದೆ, ಕೈ ಬಿಟ್ಟರೆ ಚೂರು ಹಿಂದಕ್ಕೆ ಬರುತ್ತದೆ. ತಲೆ ತಿರುಗಿದೆ, ಬುಡ ಅಲ್ಲೇ ಇದೆ ಅಂತ ಅದರ ಅರ್ಥ. ಆ ಮೆತ್ತಗಿನ ತಿರುಗು ಸಿಕ್ಕ ಕ್ಷಣ ನಿಲ್ಲಿಸಬೇಕು. ನಾನು ಮೊದಲು ಒಂಚೂರು ಬಿಗಿ ಮಾಡುವ ಕಡೆಗೆ ತಿರುಗಿಸುತ್ತೇನೆ, ಆಮೇಲೆ ಬಿಚ್ಚುವ ಕಡೆಗೆ, ಹೀಗೆ ಹಿಂದೆ ಮುಂದೆ. ಅದಕ್ಕೂ ಜಗ್ಗದಿದ್ದರೆ ಬಿಸಿ ಕೊಡುತ್ತೇನೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಬೋಲ್ಟಿಗಲ್ಲ, ಅದರ ಸುತ್ತಲಿನ ಹೌಸಿಂಗಿಗೆ ಬಿಸಿ ಕೊಟ್ಟರೆ ತೂತು ಅಗಲವಾಗಿ ಹಿಡಿತ ಸಡಿಲವಾಗುತ್ತದೆ. ನಾನು ಬಳಸುವುದು ಹೀಟ್ ಗನ್. ಪೆಟ್ರೋಲ್ ಪೈಪು, ರಬ್ಬರ್ ಹೋಸು ಪಕ್ಕದಲ್ಲೇ ಇರುವಾಗ ಬೆಂಕಿ ಉರಿಸುವ ಟಾರ್ಚ್ ಸುತರಾಂ ಬೇಡ. ಹೊಡೆದ ಎಣ್ಣೆಗೂ ಬೆಂಕಿ ಹತ್ತುತ್ತದೆ, ಮೊದಲು ಒರೆಸಿಬಿಡಿ.

ಇಷ್ಟೆಲ್ಲ ಮಾಡಿದರೂ ನನ್ನ ಥರ್ಮೋಸ್ಟಾಟ್ ಹೌಸಿಂಗಿನ ಒಂದು ಬೋಲ್ಟ್ ತಲೆ ಕಳಚಿಕೊಂಡು ಕೈಗೆ ಬಂತು. ಉಳಿದ ಬೋಲ್ಟ್ ಬಿಚ್ಚಿ ಹೌಸಿಂಗನ್ನು ಎಳೆದು ತೆಗೆದ ಮೇಲೆ ನೋಡಿದರೆ ತುಂಡು ಹೊರಗೆ ಚಾಚಿಕೊಂಡಿತ್ತು. ಇದು ಅದೃಷ್ಟ. ತಲೆ ಹೋದ ಮೇಲೆ ಹೌಸಿಂಗನ್ನು ಒತ್ತುವ ಬಲ ಇರುವುದಿಲ್ಲವಾದ್ದರಿಂದ, ಚಾಚಿಕೊಂಡ ತುಂಡು ಎಷ್ಟೋ ಸಲ ಸುಲಭವಾಗೇ ಬರುತ್ತದೆ. ಲಾಕ್ ಆಗುವ ಗ್ರಿಪ್ ಪ್ಲೈಯರಿನಲ್ಲಿ ಬುಡಕ್ಕೆ ಹತ್ತಿರ ಹಿಡಿದು, ಬಿಸಿ ಕೊಟ್ಟು, ಹಿಂದೆ ಮುಂದೆ ಮಾಡಿ ತೆಗೆದೆ. ತುಂಡು ಉದ್ದವಿದ್ದು ಥ್ರೆಡ್ ಚೆನ್ನಾಗಿದ್ದರೆ ಎರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿದು, ಒಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಬಹುದು. ತೀರಾ ಗಿಡ್ಡವಿದ್ದರೆ ವೆಲ್ಡಿಂಗ್ ಬಲ್ಲವರ ಕೈಯಲ್ಲಿ ಮೇಲೊಂದು ನಟ್ಟು ಬೆಸೆಸುವುದು. ವೆಲ್ಡಿಂಗಿನ ಕಾವೇ ಅರ್ಧ ಕೆಲಸ ಮುಗಿಸುತ್ತದೆ. ಆದರೆ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ವೈರ್ ಬಿಚ್ಚಿರಲೇಬೇಕು.

ಮಟ್ಟಸವಾಗಿ ಒಳಗೇ ಮುರಿದರೆ ಕತೆ ಬೇರೆ. ನನ್ನ ಪಾಲಿಗೆ ಅದು ವಾಟರ್ ಪಂಪಿನ 6 ಎಂ.ಎಂ. ಬೋಲ್ಟಿನಲ್ಲಿ ಬಂತು. ಇಲ್ಲಿ ಎಲ್ಲ ನಿಂತಿರುವುದು ಡ್ರಿಲ್ ಸರಿಯಾಗಿ ನಡುವಿಗೆ ಬೀಳುವುದರ ಮೇಲೆ. ಉಕ್ಕು ಗಟ್ಟಿ, ಸುತ್ತಲಿನ ಅಲ್ಯೂಮಿನಿಯಂ ಮೆದು. ಡ್ರಿಲ್ ಒಂಚೂರು ಜಾರಿದರೂ ಮೆದುವಾದ ಕಡೆಗೇ ಓಡುತ್ತದೆ. ಮುರಿದ ಮುಖ ಯಾವಾಗಲೂ ಓರೆಕೋರೆಯಾಗಿರುತ್ತದೆ, ಆದ್ದರಿಂದ ಮೊದಲು ಅದನ್ನು ಸಮ ಮಾಡಿ, ಸೆಂಟರ್ ಪಂಚಿನಿಂದ ನಡುವಿಗೆ ಗುಳಿ ಹೊಡೆದೆ. ಆಮೇಲೆ ಹಳೇ ಪಂಪನ್ನೇ ವಾಪಸ್ ಅದರ ಜಾಗದಲ್ಲಿ ಕೂರಿಸಿ ಉಳಿದ ಬೋಲ್ಟುಗಳಿಂದ ಬಿಗಿದೆ. ಅದರ ತೂತು ಮುರಿದ ಬೋಲ್ಟಿನ ನೇರಕ್ಕೇ ಇರುತ್ತದಲ್ಲ? ಆ ತೂತಿಗೆ ಸರಿಯಾಗಿ ಕೂರುವ ಸಣ್ಣ ಉಕ್ಕಿನ ಕೊಳವೆ ತೂರಿಸಿ, ಅದರೊಳಗಿಂದ ಡ್ರಿಲ್ ಬಿಟ್ಟೆ. ಬಿಟ್ ಅತ್ತಿತ್ತ ಅಲುಗಲಿಲ್ಲ. ಕಣ್ಣಳತೆಯಲ್ಲಿ ನಡು ಹುಡುಕುವುದಕ್ಕಿಂತ ಇದು ಎಷ್ಟೋ ವಾಸಿ.

ಬಿಟ್ 3 ಎಂ.ಎಂ.ನದು, ಎಡಕ್ಕೆ ಸುತ್ತುವ ಜಾತಿಯದು. ಡ್ರಿಲ್ಲನ್ನು ಉಲ್ಟಾ ಓಡಿಸಿ, ನಿಧಾನದ ವೇಗದಲ್ಲಿ, ಎಣ್ಣೆ ಹಾಕುತ್ತಾ ಕೊರೆಯಬೇಕು. ಕೊರೆಯುವ ಬಲವೇ ಬೋಲ್ಟನ್ನು ಬಿಚ್ಚುವ ಕಡೆಗೆ ದೂಡುತ್ತದೆ. ಕೊರೆಯುತ್ತಾ ಇರುವಾಗಲೇ ತುಂಡು ಬಿಟ್ಟಿನ ಜೊತೆ ಸುತ್ತಿಕೊಂಡು ಹೊರಗೆ ಬಂತು. ಎಲ್ಲ ಸಲವೂ ಹೀಗೆ ಬರುವುದಿಲ್ಲ, ನಿಜ. ಬಾರದಿದ್ದಾಗ ಜನ ಕೊರೆದ ತೂತಿಗೆ ಕಚ್ಚಿಸಿ ತುಂಡನ್ನು ತಿರುಗಿಸಿ ತೆಗೆಯುವ ಎಕ್ಸ್‌ಟ್ರ್ಯಾಕ್ಟರ್ ಹಾಕುತ್ತಾರೆ. ನನಗೆ ಅದರ ಸಹವಾಸವೇ ಇಷ್ಟ ಇಲ್ಲ. ಎಕ್ಸ್‌ಟ್ರ್ಯಾಕ್ಟರ್ ತುಂಬ ಗಡುಸು, ಅದಕ್ಕೇ ಪೆಡಸು ಕೂಡ. ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಗೀರುವುದೂ ಇಲ್ಲ. ಆಮೇಲೆ ವಿದ್ಯುತ್ ಕಿಡಿಯಿಂದ ಲೋಹ ತಿನ್ನಿಸುವ ಯಂತ್ರ ಇರುವ ವರ್ಕ್‌ಶಾಪಿಗೇ ಹೋಗಬೇಕು. ದಪ್ಪ ಬೋಲ್ಟಿಗೆ ದಪ್ಪ ಎಕ್ಸ್‌ಟ್ರ್ಯಾಕ್ಟರ್ ಹಾಕಬಹುದು. 6 ಎಂ.ಎಂ. ಬೋಲ್ಟಿಗೆ ಹಾಕುವ ಕಡ್ಡಿಯಂಥದ್ದನ್ನು ನಾನು ನಂಬುವುದಿಲ್ಲ. ಅದರ ಬದಲು ಹಂತಹಂತವಾಗಿ 5 ಎಂ.ಎಂ.ವರೆಗೆ ಕೊರೆದು, ಉಳಿದ ತೆಳು ಸಿಪ್ಪೆಯನ್ನು ಟ್ಯಾಪ್ (ತೂತಿಗೆ ಥ್ರೆಡ್ ಕೊರೆಯುವ ಉಪಕರಣ) ಹಾಕಿ ತೆಗೆಯುವುದೇ ಮೇಲು.

ಥ್ರೆಡ್ ಕಿತ್ತುಹೋದರೂ ಹೆದರಬೇಕಿಲ್ಲ. ಹೆಲಿಕಾಯಿಲ್ ಅನ್ನುವ ಉಕ್ಕಿನ ತಂತಿಯ ಸುರುಳಿ ಹಾಕಿದ ಥ್ರೆಡ್ ಮೂಲದ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ. 6 ಎಂ.ಎಂ. ಬೋಲ್ಟಿಗಾದರೆ ತೂತನ್ನು 6.3 ಎಂ.ಎಂ.ಗೆ ಅಗಲ ಮಾಡಿ, ಕಿಟ್ಟಿನ ಜೊತೆ ಬರುವ ಟ್ಯಾಪ್ ಹಾಕಿ, ಸುರುಳಿಯನ್ನು ಮೇಲ್ಮೈಗಿಂತ ಒಂದು ಸುತ್ತು ಕೆಳಗೆ ಕೂರುವ ಹಾಗೆ ತಿರುಗಿಸುವುದು. ಕೊನೆಗೆ ತಳದಲ್ಲಿರುವ ಪುಟ್ಟ ಕಡ್ಡಿಯನ್ನು ತಟ್ಟಿ ಮುರಿಯಬೇಕು. ಆ ಕಡ್ಡಿಯನ್ನು ಹೊರಗೆ ತೆಗೆಯದೆ ಮುಂದಕ್ಕೆ ಹೋಗಬೇಡಿ. ಅದು ಸ್ಟೇನ್‌ಲೆಸ್ ಸ್ಟೀಲ್. ಮ್ಯಾಗ್ನೆಟ್ಟಿಗೆ ಸರಿಯಾಗಿ ಹತ್ತುವುದಿಲ್ಲ, ಚಿಮಟವೇ ಬೇಕು. ಇದೇ ಕಾರಣಕ್ಕೆ ಸ್ಪಾರ್ಕ್ ಪ್ಲಗ್ ತೂತಿಗೆ ನಾನು ಸುರುಳಿಯನ್ನು ಹಾಕುವುದಿಲ್ಲ. ಅಲ್ಲಿಗೆ ದಪ್ಪ ಗೋಡೆಯ, ಬುಷ್ ಥರದ ಇನ್ಸರ್ಟ್ ಸರಿ. ಟ್ಯಾಪಿನ ಉದ್ದ ತೋಡುಗಳಿಗೆ ಗ್ರೀಸ್ ತುಂಬಿಕೊಂಡರೆ ಲೋಹದ ಚೂರುಗಳು ಸಿಲಿಂಡರಿಗೆ ಬೀಳದೆ ಗ್ರೀಸಿಗೇ ಅಂಟುತ್ತವೆ. ಒಂದೆರಡು ಸುತ್ತಿಗೊಮ್ಮೆ ಟ್ಯಾಪ್ ಹೊರಗೆ ತೆಗೆದು ಒರೆಸಿ, ಹೊಸ ಗ್ರೀಸ್ ತುಂಬಬೇಕು.

ಅಂದಹಾಗೆ, ಪ್ಲಗ್ ಥ್ರೆಡ್ ಕೀಳುವುದು ಹೆಚ್ಚಾಗಿ ಬಿಸಿ ಎಂಜಿನ್ನಿನಲ್ಲಿ ಬಿಚ್ಚುವುದರಿಂದ ಮತ್ತು ಓರೆಯಾಗಿ ಹಾಕುವುದರಿಂದ. ಎಂಜಿನ್ ಪೂರ್ತಿ ತಣ್ಣಗಾಗಲಿ. ಹಾಕುವಾಗ ಪ್ಲಗ್ಗಿನ ತುದಿಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಿಂದಲೇ ತಿರುಗಿಸುತ್ತೇನೆ. ಥ್ರೆಡ್ ಓರೆ ಹಿಡಿದರೆ ಪೈಪ್ ಜಾರುತ್ತದೆ, ಪ್ಲಗ್ ತಿರುಗುವುದಿಲ್ಲ. ಬಿಗಿ ಎಷ್ಟು ಅನ್ನುವುದನ್ನು ನಿಮ್ಮ ಎಂಜಿನ್ನಿನ ಮ್ಯಾನುಯಲ್ ಹೇಳಬೇಕು. ವಾಷರ್ ಇರುವ 14 ಎಂ.ಎಂ. ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್. ಎಂಜಿನ್ನಿನ ಮೇಲ್ಭಾಗ ಮುಚ್ಚುವ ವಾಲ್ವ್ ಕವರಿನ 6 ಎಂ.ಎಂ. ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಅಷ್ಟೇ. ಉದ್ದ ಹಿಡಿಕೆಯ ಸ್ಪ್ಯಾನರಿನಲ್ಲಿ ಅಷ್ಟು ಬಿಗಿ ಬೆರಳಿನ ಆಟ. "ಇನ್ನೊಂಚೂರು ಬಿಗಿ ಮಾಡೋಣ" ಅಂದ ಕಡೆಯೇ ಥ್ರೆಡ್ ಕೀಳುವುದು.

ಕೈಜಾರಿ ಬಿದ್ದ ವಸ್ತುಗಳ ವಿಷಯಕ್ಕೆ ಬರೋಣ. ನನ್ನ ಅನುಭವದಲ್ಲಿ "ಎಂಜಿನ್ ಒಳಗೆ ಬಿತ್ತು" ಅಂದುಕೊಂಡದ್ದರಲ್ಲಿ ಹೆಚ್ಚಿನವು ಕೆಳಗಿನ ಪ್ಲಾಸ್ಟಿಕ್ ಕವಚದ ಮೇಲೆ ಆರಾಮಾಗಿ ಕೂತಿರುತ್ತವೆ. ಅದಕ್ಕೇ ಮೊದಲು ಆ ಕವಚ ಬಿಚ್ಚಿ ನೋಡುತ್ತೇನೆ. ಕಾರಿನ ಕೆಳಗೆ ಹೋಗಬೇಕಾದ್ದರಿಂದ ಜ್ಯಾಕನ್ನು ನಂಬುವ ಹಾಗಿಲ್ಲ, ಸ್ಟ್ಯಾಂಡ್ ಕೊಟ್ಟೇ ಹೋಗಬೇಕು. ವಾಲ್ವ್ ಕವರ್ ತೆಗೆದಿರುವಾಗ ಬಿದ್ದರೆ ಮಾತ್ರ ನಿಜವಾದ ತಲೆನೋವು. ಒಂದೋ ಆಯಿಲ್ ಇಳಿಯುವ ತೂತಿನ ಮೂಲಕ ಕೆಳಗಿನ ಆಯಿಲ್ ಸಂಪಿಗೆ ಹೋಗುತ್ತದೆ, ಇಲ್ಲವೇ ಟೈಮಿಂಗ್ ಚೈನಿನ (ಕ್ರ್ಯಾಂಕಿನಿಂದ ವಾಲ್ವುಗಳ ದಂಡವನ್ನು ತಿರುಗಿಸುವ ಚೈನ್) ಕಡೆಗೆ. ಕವರ್ ತೆಗೆದ ಕೂಡಲೇ ಆ ಬಾಯಿಗಳಿಗೆಲ್ಲ ನೂಲು ಬಿಡದ ಬಟ್ಟೆ ತುರುಕುತ್ತೇನೆ. ಎಷ್ಟು ತುಂಡು ತುರುಕಿದೆ ಅಂತ ಫೆಂಡರಿಗೆ ಅಂಟಿಸಿದ ಟೇಪಿನ ಮೇಲೆ ಬರೆದಿಡುತ್ತೇನೆ, ಯಾಕೆಂದರೆ ಒಳಗೆ ಮರೆತ ಬಟ್ಟೆ ಬೋಲ್ಟಿಗಿಂತ ಕಡೆ.

ಉಕ್ಕಿನದಾದರೆ ಉದ್ದ ಕಡ್ಡಿಯ ಮ್ಯಾಗ್ನೆಟ್ ಸಾಕು. ತಾಮ್ರದ ವಾಷರ್, ಅಲ್ಯೂಮಿನಿಯಂ ತುಂಡು, ಪ್ಲಾಸ್ಟಿಕ್ ಕ್ಲಿಪ್ಪಿಗೆ ಅದು ಕೆಲಸಕ್ಕೆ ಬರುವುದಿಲ್ಲ. ಕಡ್ಡಿಯ ತುದಿಗೆ ಗಟ್ಟಿ ಗ್ರೀಸ್ ಉಂಡೆ ಮೆತ್ತಿ ಅದನ್ನು ವಸ್ತುವಿಗೆ ಒತ್ತಿದರೆ ಅಂಟಿಕೊಂಡು ಬರುತ್ತದೆ. ಫೋನಿಗೆ ಹಾಕುವ, ತೆಳು ಕೇಬಲಿನ ತುದಿಯಲ್ಲಿರುವ ಬೋರೋಸ್ಕೋಪ್ ಕ್ಯಾಮೆರಾ ಇದ್ದರೆ ಹುಡುಕಾಟ ಅರ್ಧ ಕಡಿಮೆ. ಪ್ಲಗ್ ತೂತಿನಿಂದ ಸಿಲಿಂಡರಿಗೇ ಬಿದ್ದಿದ್ದರೆ ತೆಳು ಪೈಪ್ ಕಟ್ಟಿದ ವ್ಯಾಕ್ಯೂಮ್ ಕ್ಲೀನರ್ ಪ್ರಯತ್ನಿಸಬಹುದು, ಪೆಟ್ರೋಲ್ ವಾಸನೆ ಇದ್ದರೆ ಮಾತ್ರ ಬೇಡ. ಆ ಮೋಟರಿನ ಕಿಡಿ ಸಾಕು ಹೊತ್ತಿಕೊಳ್ಳಲು. ಸಿಲಿಂಡರಿಗೆ ಬಿದ್ದದ್ದು ಕೈಗೆ ಸಿಗುವವರೆಗೆ, ಅಥವಾ ಅಲ್ಲಿಲ್ಲ ಅಂತ ಕ್ಯಾಮೆರಾದಲ್ಲಿ ಕಣ್ಣಾರೆ ನೋಡುವವರೆಗೆ ಆ ಎಂಜಿನ್ ಸ್ಟಾರ್ಟ್ ಆಗಬಾರದು. ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ನಡುವೆ ಕೆಲವು ಕಡೆ ಒಂದು ಸಣ್ಣ ವಾಷರಿಗೂ ಜಾಗ ಇರುವುದಿಲ್ಲ.

ಟೈಮಿಂಗ್ ಬೆಲ್ಟ್ ಅಥವಾ ಚೈನ್ ಜಾರಿದೆ ಅನ್ನಿಸಿದರೆ ಅದರ ಹಲ್ಲಿನ ಚಕ್ರಗಳ ಮೇಲಿನ ಗುರುತುಗಳನ್ನು ಮತ್ತೆ ಕೂಡಿಸಿ, ಪ್ಲಗ್ಗುಗಳನ್ನು ತೆಗೆದು, ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ. ಕ್ರ್ಯಾಂಕ್ ಎರಡು ಸುತ್ತಿಗೆ, ವಾಲ್ವುಗಳನ್ನು ತೆರೆಯುವ ಕ್ಯಾಮ್ ಒಂದು ಸುತ್ತು. ಗುರುತುಗಳು ಮತ್ತೆ ಸೇರಬೇಕು. ನಡುವೆ ಗಟ್ಟಿಯಾಗಿ ತಡೆದರೆ ವಾಲ್ವ್ ಪಿಸ್ಟನ್ನಿಗೆ ತಾಗಿದೆ ಅಂತಲೇ ತಿಳಿಯಬೇಕು. ಒತ್ತಡ ಹಾಕಬೇಡಿ.

ಆಯಿಲ್ ಫಿಲ್ಟರ್ ಬದಲಿಸಿದ ಮೇಲೆ ಆಯಿಲ್ ಸೋರಿದರೆ ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯಾ ನೋಡಿ. ಗ್ಯಾಸ್ಕೆಟ್ ಬದಲು ಸಿಲಿಕೋನ್ ಪೇಸ್ಟ್ ಧಾರಾಳವಾಗಿ ಮೆತ್ತುವ ಚಪಲ ಬೇಡ. ಹೊರಗೆ ಎಷ್ಟು ಉಕ್ಕಿದೆಯೋ ಒಳಗೂ ಅಷ್ಟೇ ಉಕ್ಕಿರುತ್ತದೆ. ಅದು ಕಳಚಿ ಆಯಿಲ್ ಪಂಪಿನ ಜಾಲರಿಗೆ ಕೂತರೆ ಎಂಜಿನ್ನಿಗೆ ಆಯಿಲೇ ಸಿಗುವುದಿಲ್ಲ. ನೆಲಕ್ಕೆ ಚೆಲ್ಲಿದ ಕೂಲಂಟನ್ನು ತಕ್ಷಣ ಒರೆಸಿ. ರುಚಿ ಸಿಹಿ, ಆದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ ಬೆಕ್ಕು ನೆಕ್ಕಿದರೆ ಉಳಿಯುವುದು ಕಷ್ಟ.

ಹೆಡ್ಡಿನಲ್ಲಿ ಎಕ್ಸ್‌ಟ್ರ್ಯಾಕ್ಟರ್ ಮುರಿದಾಗ, ಸಿಲಿಂಡರಿಗೆ ಬಿದ್ದದ್ದು ಸಿಗದಿದ್ದಾಗ, ಕ್ರ್ಯಾಂಕ್ ಬೇರಿಂಗ್ ಬೋಲ್ಟಿನ ಥ್ರೆಡ್ ಹೋದಾಗ ನಾನು ಮುಂದುವರಿಯುವುದಿಲ್ಲ. ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯುತ್ತೇನೆ. ಅಲ್ಲಿ ಏನಾಯಿತು ಅಂತ ಮುಚ್ಚುಮರೆ ಇಲ್ಲದೆ ಹೇಳಿ ಫೋಟೋ ತೋರಿಸಿದರೆ ಮೆಕ್ಯಾನಿಕ್ಕಿಗೂ ಹುಡುಕುವ ಕೆಲಸ ತಪ್ಪುತ್ತದೆ.

ಎಲ್ಲ ಜೋಡಿಸಿದ ಮೇಲೆ ನೇರ ಸ್ಟಾರ್ಟ್ ಮಾಡುವುದಿಲ್ಲ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಕೆಲವೇ ಸೆಕೆಂಡಿನಂತೆ ಬಿಟ್ಟು ಬಿಟ್ಟು ಸ್ಟಾರ್ಟರ್ ಹೊಡೆಯುತ್ತೇನೆ. ಆಯಿಲ್ ಒತ್ತಡದ ದೀಪ ಆರಿದ ಮೇಲೆ ಫ್ಯೂಸ್ ವಾಪಸ್. ಸ್ಟಾರ್ಟ್ ಆದ ಮೇಲೆ ಆ ದೀಪ ಮತ್ತೆ ಹತ್ತಿದರೆ ಆಗಲೇ ಆಫ್. ಇಲ್ಲದಿದ್ದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಫ್ಯಾನ್ ಓಡುವವರೆಗೆ ಬಿಟ್ಟು, ಟಾರ್ಚ್ ಹಿಡಿದು ಬಿಚ್ಚಿದ ಜಾಗಗಳನ್ನೆಲ್ಲ ಒಂದೊಂದಾಗಿ ನೋಡುತ್ತೇನೆ. ಕೂಲಂಟ್ ಮುಚ್ಚಳವನ್ನು ಬಿಸಿಯಲ್ಲಿ ಮುಟ್ಟುವುದಿಲ್ಲ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿದರೆ ಒಳಗಿದ್ದ ಗಾಳಿ ಹೊರಬಿದ್ದು ಸ್ವಲ್ಪ ಇಳಿದಿರುತ್ತದೆ. ಅಷ್ಟನ್ನು ತುಂಬಿಸಿ, ಡಿಪ್‌ಸ್ಟಿಕ್ ಎಳೆದು ಆಯಿಲ್ ಬಣ್ಣ ನೋಡುತ್ತೇನೆ. ಹಾಲು ಬೆರೆತ ಹಾಗೆ ಬೆಳ್ಳಗಾಗಿದ್ದರೆ ಕೂಲಂಟ್ ಒಳಗೆ ಸೇರಿದೆ, ಮತ್ತೆ ಬಿಚ್ಚಬೇಕು.