ಬಾಡಿಗೆ ಕಾಟು, ನಾಲ್ಕು ಇಟ್ಟಿಗೆ

ನಾನು ವಿಜಯಪುರ ಕಡೆ ಮನೆಮನೆಗೆ ಹೋಗಿ ಕೊನೆ ಹಂತದ ಕಾಯಿಲೆಯವರನ್ನು ನೋಡಿಕೊಳ್ಳುವ ನರ್ಸ್. ನೋವು, ನಿದ್ದೆ, ಸಂಡಾಸು, ಬೆನ್ನಿನ ಹುಣ್ಣು ಎಲ್ಲ ಕೇಳುತ್ತೇನೆ. ಗಂಡ-ಹೆಂಡತಿ ನಡುವಿನ ವಿಷಯ ಮಾತ್ರ ವರ್ಷಗಟ್ಟಲೆ ಕೇಳಿರಲಿಲ್ಲ. ನಾಚಿಕೆ ಅವರದಲ್ಲ, ನನ್ನದು.

ಹೃದಯದ ತೊಂದರೆ ಇದ್ದ ಒಬ್ಬ ಅಜ್ಜ ಒಮ್ಮೆ ದನಿ ತಗ್ಗಿಸಿ, "ಅಕ್ಕಾರ, ಆ ಗುಳಿಗಿ ತಗೊಂಡ್ರ ನಡೀತೈತೇನ್ರಿ?" ಅಂದರು. ನಾನು ನಕ್ಕುಬಿಟ್ಟೆ. ಅವರು ಮತ್ತೆ ಬಾಯಿ ಬಿಡಲಿಲ್ಲ. ರಾತ್ರಿ ಮಲಗಿದಾಗ ನೆನಪಾಯಿತು, ಅವರ ಅಂಗಿ ಜೇಬಿನಲ್ಲಿ ಸಾರ್ಬಿಟ್ರೇಟ್ ಇತ್ತು! ಎದೆನೋವಿಗೆ ನಾಲಗೆ ಕೆಳಗಿಡುವ ಆ ನೈಟ್ರೇಟ್ ಜೊತೆ ಸಿಲ್ಡೆನಾಫಿಲ್, ಅಂದರೆ ಅಜ್ಜ ಕೇಳಿದ ಆ ವಯಾಗ್ರ ಗುಳಿಗೆ, ಸೇರಿದರೆ ಬಿಪಿ ಒಮ್ಮೆಲೇ ಕುಸಿದು ಜೀವಕ್ಕೇ ಕುತ್ತು. ಬೆಳಿಗ್ಗೆ ಮೊದಲು ಅವರ ಮನೆಗೇ ಓಡಿದೆ. ಪುಣ್ಯಕ್ಕೆ ಇನ್ನೂ ತಗೊಂಡಿರಲಿಲ್ಲ.

ಆಮೇಲೆ ಓದಿದೆ. ಜ್ಯಾಕ್ ಆನನ್ ಅನ್ನೋ ಮನಶ್ಶಾಸ್ತ್ರಜ್ಞ 1976ರಲ್ಲೇ ಗಂಡ-ಹೆಂಡತಿ ನಡುವಿನ ಈ ವಿಷಯ ಮಾತಾಡೋಕೆ ನಾಲ್ಕು ಮೆಟ್ಟಿಲಿನ ದಾರಿ ಹಾಕಿದ್ದಾರೆ, ಪ್ಲಿಸಿಟ್ ಅಂತ. ಮೊದಲ ಮೆಟ್ಟಿಲೇ, ಇವರ ಹತ್ತಿರ ಈ ಮಾತು ಆಡಬಹುದು ಅಂತ ಎದುರಿನವರಿಗೆ ಅನ್ನಿಸೋದು. ನಾನು ಆ ಮೆಟ್ಟಿಲ ಮೇಲೇ ನಿಂತು ನಕ್ಕಿದ್ದೆ.

ಈಗ ಸುತ್ತುಬಳಸಿ ಕೇಳುತ್ತೇನೆ. ಇಂಡಿ ಹತ್ತಿರದ ಒಂದು ತೋಟದ ಮನೆಯಲ್ಲಿ ಇನ್ನೊಬ್ಬ ಅಜ್ಜನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಹರಡಿತ್ತು. ಆಸ್ಪತ್ರೆಯಲ್ಲಿರುವಂಥ ಬಾಡಿಗೆ ಕಾಟು ತಂದು ಪಡಸಾಲೆಯಲ್ಲಿ ಹಾಕಿದ್ದರು, ಬಂದವರೆಲ್ಲ ನೋಡಿ ಮಾತಾಡಿಸಲು ಅನುಕೂಲ ಅಂತ. "ರಾತ್ರಿ ಬಾಜೂಕ ಯಾರ ಮಲ್ಕೋತಾರ್ರಿ?" ಅಂದೆ. "ಮೊಮ್ಮಗ್ರಿ. ನಾ ಒಳಗ" ಅಂದರು ಅಜ್ಜಿ. ನಾನು ಹೊರಟಾಗ ಗಾಡಿ ತನಕ ಹಿಂದೆ ಬಂದರು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, "ಮೈಗೆ ಮೈ ಹತ್ತಿ ಮಲ್ಕೊಂಡ್ರ ನನಗೂ ಬರತೈತೇನ್ರಿ ಈ ಬ್ಯಾನಿ?" ಅಂದರು. ಎಂಟು ತಿಂಗಳಿಂದ ಮುಟ್ಟಿರಲಿಲ್ಲವಂತೆ. ಕ್ಯಾನ್ಸರ್ ಅಂಟುವ ರೋಗ ಅಲ್ಲ, ಮುಟ್ಟಿದರೂ ಮುತ್ತು ಕೊಟ್ಟರೂ ಬರಲ್ಲ ಅಂದೆ. ಅಜ್ಜಿ ಗೇಟಿಗೆ ಒರಗಿ ಸುಮ್ನೆ ನಿಂತುಬಿಟ್ಟರು.

ಮುಂದಿನ ಸಲ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದೆ. ಕ್ಯಾನ್ಸರಿಗೆ ಕೊಡುತ್ತಿದ್ದ, ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ನಿನಿಂದ ಅಜ್ಜನಿಗೆ ಆಸೆ ಅಂತ ಹೆಚ್ಚೇನೂ ಉಳಿದಿರಲಿಲ್ಲ, ಅದನ್ನು ಅವರೇ ಹೇಳಿದರು. ಬೇಕಿದ್ದದ್ದು ಪಕ್ಕದಲ್ಲಿ ಆಕೆ. ಮಗನಿಗೆ ಕಾರಣ ವಿವರಿಸಲಿಲ್ಲ, "ರಾತ್ರಿ ಅವ್ವ ಹತ್ತಿರ ಇರಬೇಕು" ಅಂದೆ ಅಷ್ಟೇ. ಕಾಟು ಒಳಕೋಣೆಗೆ ಹೋಯಿತು. ಒಂದು ಬದಿಯ ಕಟಕಟೆ ಕೆಳಗಿಳಿಸಿ, ಅಜ್ಜಿಯ ಮಂಚದ ಕಾಲಿಗೆ ಒಂದೊಂದು ಇಟ್ಟಿಗೆ ಕೊಟ್ಟು ಎತ್ತರ ಸಮ ಮಾಡಿದೆವು, ನಡುವಿನ ಸಂದಿಗೆ ಕೌದಿ ಮಡಚಿ ತುರುಕಿದೆವು. ಕ್ಯಾಥೆಟರ್ ನಳಿಕೆಯನ್ನು ತೊಡೆಗೆ ಸಡಿಲವಾಗಿ ಅಂಟಿಸಿ, ಚೀಲವನ್ನು ಆಚೆ ಬದಿಗೆ, ಸೊಂಟಕ್ಕಿಂತ ಕೆಳಗೆ ತೂಗುಹಾಕಿದೆ. ಮೇಲಿದ್ದರೆ ಮೂತ್ರ ವಾಪಸ್ ಹರಿಯುತ್ತದೆ. ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ಕೆಲಸ ಶುರುಮಾಡಲು ಅರ್ಧ-ಮುಕ್ಕಾಲು ಗಂಟೆ ಬೇಕು, ಹಾಗಾಗಿ ರಾತ್ರಿಯ ಡೋಸ್ ಆಗಿ ಅಷ್ಟು ಹೊತ್ತಾದ ಮೇಲೇ ಹತ್ತಿರ ಸರಿಯಿರಿ, ಎಲುಬಿನ ಮೇಲೆ ಭಾರ ಮಾತ್ರ ಹಾಕಬೇಡಿ ಅಂದೆ. ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಹಾಕಿಸಿದೆ. ಔಷಧಿಯಷ್ಟೇ ಮುಖ್ಯ ಅದು, ನನ್ನ ಲೆಕ್ಕದಲ್ಲಿ.

ಮರುವಾರ ಒಂಬತ್ತಕ್ಕೆ ಹೋದೆ. ಸೊಸೆ ಚಹಾ ತಂದಿಟ್ಟು, "ಒಂಚೂರ ಕುಂಡ್ರಿ ಅಕ್ಕಾರ, ಇಬ್ರೂ ಇನ್ನೂ ಚಿಲಕ ತಗದಿಲ್ಲ" ಅಂದಳು.