ಮರಸೇಬನ್ನು ಮರದಲ್ಲೇ ಹಣ್ಣಾಗಲು ಬಿಡಬೇಡಿ

ನಾವಿರುವುದು ಅಮೆರಿಕದ ಓರೆಗನ್ ರಾಜ್ಯದ ಬೀವರ್ಟನ್‌ನಲ್ಲಿ. ಹಿತ್ತಿಲಲ್ಲಿ ಎರಡು ಮರಸೇಬಿನ ಮರಗಳಿವೆ, ಒಂದು ಬಾರ್ಟ್ಲೆಟ್, ಇನ್ನೊಂದು ಬಾಸ್ಕ್. ಅಂಗಡಿಯಲ್ಲಿ ಪೇರ್ ಅನ್ನುತ್ತಾರಲ್ಲ, ಅದೇ ಹಣ್ಣು. ಶಿರಸಿಯಲ್ಲಿರುವ ಆಯಿಗೆ ಫೋನಿನಲ್ಲಿ "ಪೇರ್ ಗಿಡ ನೆಟ್ಟೆ" ಅಂದಿದ್ದೆ. ಅವಳು ಅದನ್ನು ಪೇರಲೆ ಅಂದುಕೊಂಡು, "ಬಾವಲಿ ಕಾಟ ಇದ್ದಾ?" ಅಂತ ಎರಡು ವರ್ಷ ಕೇಳುತ್ತಲೇ ಇದ್ದಳು.

ಮೊದಲ ಫಸಲು ಬರೀ ಹನ್ನೊಂದು ಕಾಯಿ. ಬಾರ್ಟ್ಲೆಟ್ ಮರದ್ದು. ಗಿಡದಲ್ಲೇ ಹಣ್ಣಾದರೆ ರುಚಿ ಜಾಸ್ತಿ ಅಂತ ನಾನು ಕಾದೆ. ಆಗಸ್ಟ್ ಮುಗಿಯಿತು, ಕಾಯಿ ಚೆಂದಕ್ಕೆ ಹಳದಿಗೆ ತಿರುಗಿತು. ಕೊಯ್ದು ಹೆಚ್ಚಿದರೆ ಸಿಪ್ಪೆ ಬಂಗಾರದ ಹಾಗಿದೆ, ಬೀಜದ ಸುತ್ತ ಮಾತ್ರ ಕಾಫಿ ಚರಟದಂಥ ಕಂದು ಲೊಳೆ. ಹನ್ನೊಂದರಲ್ಲಿ ಎಂಟು ಹಾಗೇ ಹೋದವು. ಆಯಿಗೆ ಹೇಳಿಕೊಂಡು ಅತ್ತರೆ ಅವಳಿಗೆ ನಗು. "ಚಿಕ್ಕು ಎಲ್ಲಾದ್ರೂ ಗಿಡದಲ್ಲೇ ಹಣ್ಣಾಗ್ತಾ ತಮಾ? ಕೊಯ್ದು ಅಕ್ಕಿ ಡಬ್ಬಿಯಲ್ಲಿ ಇಡು."

ಮರಸೇಬು ನೋಡದವಳು ಹೇಳಿದ ಮಾತೇ ಸರಿಯಾಗಿತ್ತು. ಯುರೋಪಿನ ತಳಿಯ ಮರಸೇಬು ಒಳಗಿನಿಂದ ಹೊರಗೆ ಹಣ್ಣಾಗುತ್ತದೆ. ಸಿಪ್ಪೆ ಹಣ್ಣಾದಂತೆ ಕಾಣುವ ಹೊತ್ತಿಗೆ ನಡುಭಾಗ ಕೊಳೆತಿರುತ್ತದೆ. ಹಾಗಾಗಿ ಬಲಿತ ಕಾಯಿಯನ್ನು ಗಟ್ಟಿ ಇರುವಾಗಲೇ ಕೊಯ್ದು ಮನೆಯೊಳಗೆ ಹಣ್ಣಿಗೆ ಹಾಕಬೇಕು. (ನಾಶಿ ಅನ್ನುವ ಏಷ್ಯಾದ ದುಂಡು ತಳಿಗೆ ಈ ಮಾತು ಬೇಡ. ಅದು ಮರದಲ್ಲೇ ಹಣ್ಣಾಗಲಿ.)

ಬಲಿತಿದೆಯೋ ಇಲ್ಲವೋ ನೋಡಲು ಹೀಗೆ ಮಾಡಿ. ನೇತಾಡುವ ಕಾಯಿಯನ್ನು ಅಂಗೈಯಲ್ಲಿ ಹಿಡಿದು ನಿಧಾನ ಮೇಲಕ್ಕೆ ಎತ್ತಿ, ಅಡ್ಡ ಮಲಗಿಸಿದ ಹಾಗೆ. ಬಲಿತಿದ್ದರೆ ತೊಟ್ಟು ರೆಂಬೆಯ ಗಂಟಿನಿಂದ 'ಟಕ್' ಅಂತ ತಾನೇ ಬಿಟ್ಟುಕೊಳ್ಳುತ್ತದೆ. ತಿರುಚಬೇಕು, ಜಗ್ಗಬೇಕು ಅನ್ನಿಸಿದರೆ ಸುಮ್ನೆ ಬಿಟ್ಟು ನಾಲ್ಕು ದಿನ ಬಿಟ್ಟು ಬನ್ನಿ. ನಮ್ಮಲ್ಲಿ ಬಾರ್ಟ್ಲೆಟ್ ಆಗಸ್ಟ್ ಮಧ್ಯದ ನಂತರ ಕೈಗೆ ಬರುತ್ತದೆ, ಬಾಸ್ಕ್ ಸೆಪ್ಟೆಂಬರ್‌ನಲ್ಲಿ. ಬಾರ್ಟ್ಲೆಟ್ಟನ್ನು ಒಂದೆರಡು ದಿನ ಫ್ರಿಜ್‌ನಲ್ಲಿಟ್ಟು ಹೊರಗೆ ತೆಗೆದರೆ ವಾರದೊಳಗೆ ಹಣ್ಣು. ಬಾಸ್ಕ್‌ಗೆ ಮೂರು ನಾಲ್ಕು ವಾರ ಫ್ರಿಜ್‌ನ ಚಳಿ ಬೇಕು, ಇಲ್ಲದಿದ್ದರೆ ಸರಿಯಾಗಿ ಮಾಗದು. ಅದರ ಸಿಪ್ಪೆ ಮೊದಲಿನಿಂದಲೂ ಕಂದು, ಬಣ್ಣ ನೋಡಿ ಪ್ರಯೋಜನವಿಲ್ಲ. ತೊಟ್ಟಿನ ಪಕ್ಕ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಸ್ವಲ್ಪ ಮೆತ್ತಗಾಗಿದ್ದರೆ ಅವತ್ತೇ ತಿನ್ನಿ.

ಇನ್ನು ಗಿಡದ ವಿಷಯ. ಬೆಂಗಳೂರಿನ ಸ್ನೇಹಿತರು ಕೇಳುತ್ತಾರೆ, ನಮ್ಮಲ್ಲಿ ಬೆಳೆಯುತ್ತದಾ ಅಂತ. ಈ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ಬೆಂಗಳೂರಿನಲ್ಲಿ ಆ ಚಳಿ ಇಲ್ಲ. ನೀಲಗಿರಿ, ಕೊಡೈಕೆನಾಲ್‌ನಲ್ಲಿ ಮರಸೇಬು ಬೆಳೆಯುತ್ತಾರೆ, ಆ ತಳಿಗಳು ಬೇರೆ. ಓರೆಗನ್‌ನಲ್ಲಂತೂ 2005ರಿಂದ ಇದೇ ರಾಜ್ಯದ ಹಣ್ಣು.

ಒಂದೇ ಮರ ನೆಟ್ಟರೆ ಸಾಲದು. ಇದನ್ನೂ ನಾನು ಕೆಟ್ಟೇ ಕಲಿತೆ. ನಾಲ್ಕನೇ ವರ್ಷ ಬಾರ್ಟ್ಲೆಟ್ ಮೈತುಂಬ ಬಿಳಿ ಹೂ ಬಿಟ್ಟಿತು, ಒಂದು ಕಾಯಿಯೂ ನಿಲ್ಲಲಿಲ್ಲ. ಅದೇ ಹೊತ್ತಿಗೆ ಹೂ ಬಿಡುವ ಬೇರೆ ತಳಿಯ ಪರಾಗ ಬೇಕು, ಸುಮಾರು 50 ಅಡಿಯೊಳಗೆ ಇದ್ದರೆ ಒಳ್ಳೆಯದು. ಸೆಕೆಲ್ ತಳಿಯನ್ನು ಮಾತ್ರ ಬಾರ್ಟ್ಲೆಟ್‌ಗೆ ಜೋಡಿ ಮಾಡಬೇಡಿ, ಅವೆರಡಕ್ಕೂ ಕೂಡಿಬರುವುದಿಲ್ಲ. ನಾನು ಬಾಸ್ಕ್ ತಂದು ನೆಟ್ಟೆ. ಅದು ಹೂ ಬಿಡುವವರೆಗೆ ಗೆಳೆಯನ ಮನೆಯಿಂದ ಹೂವಿರುವ ರೆಂಬೆ ತಂದು, ನೀರಿನ ಬಕೆಟ್‌ನಲ್ಲಿ ನಿಲ್ಲಿಸಿ ಬಾರ್ಟ್ಲೆಟ್ ಬುಡದಲ್ಲಿ ಇಡುತ್ತಿದ್ದೆ. ಮೇಲೆ ಹೇಳಿದ ಹನ್ನೊಂದು ಕಾಯಿ ಆ ಬಕೆಟ್ಟಿನ ಪುಣ್ಯ.

ನೆಡುವುದು ಸುಲಭ. ಜನವರಿಯಿಂದ ಮಾರ್ಚ್‌ವರೆಗೆ ಇಲ್ಲಿ ಮಣ್ಣಿಲ್ಲದ, ಬೇರು ಬಿಟ್ಟ ಕಸಿ ಗಿಡ ಸಿಗುತ್ತದೆ. ದಿನಕ್ಕೆ ಆರು ಗಂಟೆಗಿಂತ ಜಾಸ್ತಿ ಬಿಸಿಲು ಬೀಳುವ ಜಾಗ ನೋಡಿ. ಜೇಡಿಮಣ್ಣನ್ನು ಮರಸೇಬು ಸಹಿಸಿಕೊಳ್ಳುತ್ತದೆ, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಬೇರು ಹರಡುವಷ್ಟು ಅಗಲದ ಗುಂಡಿ ಸಾಕು. ಕಸಿಯ ಗಂಟು ಮಾತ್ರ ಮಣ್ಣಿನಿಂದ ಮೂರು ನಾಲ್ಕು ಬೆರಳು ಮೇಲಿರಲಿ. ಊರಲ್ಲಿ ತೋಟಕ್ಕೆ ದರಕು (ಒಣ ಎಲೆ) ಹಾಸಿದ ಹಾಗೆ ಬುಡದ ಸುತ್ತ ಮರದ ಚಕ್ಕೆ ಹಾಸುತ್ತೇನೆ, ಕಾಂಡಕ್ಕೆ ತಾಗದಂತೆ. ಇಲ್ಲಿ ಬೇಸಿಗೆಯಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬಹುದು, ಎಳೆ ಗಿಡಕ್ಕೆ ವಾರಕ್ಕೊಮ್ಮೆ ಆಳಕ್ಕಿಳಿಯುವಷ್ಟು ನೀರು ಬೇಕು.

ಮರಸೇಬಿಗೆ ಆಕಾಶಕ್ಕೇ ಏರುವ ಚಟ. ಕೊಂಬೆಗಳೆಲ್ಲ ಕೈಮುಗಿದಂತೆ ನೆಟ್ಟಗೆ ಹೋಗುತ್ತವೆ, ಹಾಗಿದ್ದರೆ ಕಾಯಿ ತಡ. ಎಳೆ ಕೊಂಬೆಗೆ ಅರ್ಧ ನೀರು ತುಂಬಿದ ಬಾಟಲಿ ನೇತುಹಾಕಿ ಓರೆಯಾಗಿ ಬಗ್ಗಿಸಿ. ನೋಡಿದವರು ನಗಲಿ ಬಿಡಿ. ಚಳಿಗಾಲದ ಕೊನೆಗೆ, ಮಳೆಯಿಲ್ಲದ ದಿನ ನೋಡಿ, ನೆಟ್ಟಗೆದ್ದ ಚಿಗುರು ಮತ್ತು ಒಂದಕ್ಕೊಂದು ಉಜ್ಜುವ ರೆಂಬೆ ಸವರಿ. ಸಣ್ಣ ಸಣ್ಣ ಗಂಟುಗಂಟು ಕವಲುಗಳಿಗೆ ಮಾತ್ರ ಕತ್ತರಿ ಹಾಕಬೇಡಿ. ಹೂ ಬರುವುದು ಅಲ್ಲೇ, ವರ್ಷ ವರ್ಷವೂ.

ಗೊಬ್ಬರದಲ್ಲಿ ಕೈ ಬಿಗಿ ಇರಲಿ. ಯೂರಿಯಾದಂಥದ್ದು ಜಾಸ್ತಿಯಾದರೆ ಎಳೆ ಚಿಗುರು ಭರ್ರನೆ ಬರುತ್ತದೆ, ಅದರ ಹಿಂದೆ ಫೈರ್ ಬ್ಲೈಟ್ ರೋಗ. ತುದಿ ಸುಟ್ಟಂತೆ ಕಪ್ಪಾಗಿ ಕೊಕ್ಕೆಯ ಹಾಗೆ ಬಾಗುತ್ತದೆ. ಕಂಡ ದಿನವೇ, ರೋಗ ಕಾಣುವಲ್ಲಿಂದ ಒಂದು ಅಡಿ ಕೆಳಗೆ ಕತ್ತರಿಸಿ. ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿಸಿದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ.

ಜೂನ್ ಹೊತ್ತಿಗೆ ಗೊಂಚಲಿಗೆ ಒಂದೋ ಎರಡೋ ಕಾಯಿ ಉಳಿಸಿ ಉಳಿದದ್ದು ಕಿತ್ತುಹಾಕಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಉಳಿದ ಕಾಯಿಗೆ ಕಾಗದದ ಚೀಲ ಕಟ್ಟುತ್ತೇನೆ, ಹಣ್ಣು ಕೊರೆಯುವ ಹುಳಕ್ಕೆ ಔಷಧಿ ಹೊಡೆಯುವ ತಾಪತ್ರಯವಿಲ್ಲ. ಬಿದ್ದ ಕಾಯಿ ದಿನವೂ ಹೆಕ್ಕಿ, ಹುಳ ಅದರಿಂದಲೇ ಹೊರಬರುತ್ತದೆ.

ಹಣ್ಣು ಒಟ್ಟಿಗೇ ಮೆತ್ತಗಾಗಿ ಮಿಕ್ಕರೆ ನಮ್ಮಲ್ಲಿ ಸಾಸಿವೆ ಅನ್ನುವ ಮೊಸರಿನ ಪದಾರ್ಥ ಆಗುತ್ತದೆ. ಮಾವಿನ ಹಣ್ಣಿನದಕ್ಕೆ ಮಾಡಿದಂತೆಯೇ: ಕಾಯಿತುರಿ, ಸಾಸಿವೆ, ಒಣಮೆಣಸು ಬೀಸಿ, ಮೊಸರು, ಚೂರು ಬೆಲ್ಲ. ಬಾಸ್ಕ್ ಇದಕ್ಕೆ ಚಲೋ, ಹೋಳು ಕರಗುವುದಿಲ್ಲ.