ಬೆಳಗಿನ ಜಾವ ಮೀನು ಸಾಯುತ್ತಿದ್ದುದು ನಿಂತಿದ್ದು ಹೀಗೆ

ಸೂರ್ಯ ಹುಟ್ಟುವ ಮೊದಲು ಹೊಂಡದ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಬಿಸಿಲೇರಿದರೆ ಸರಿಹೋಗುತ್ತಿದ್ದವು. ದಿನಾ ನಾಲ್ಕೈದು ದೊಡ್ಡ ಕಾಟ್ಲಾ ಸಾಯುತ್ತಿದ್ದವು.

ರೋಗ ಅಂದುಕೊಂಡು ಔಷಧಿ ಹಾಕಿದೆ, ಸುಣ್ಣವನ್ನೂ ಹಾಕಿದೆ. ಪ್ರಯೋಜನವಾಗಲಿಲ್ಲ. ಹೊಸ ನೀರು ಬಿಟ್ಟರೆ ಎರಡು ದಿನ ಆರಾಮ, ಆಮೇಲೆ ಮತ್ತೆ ಅದೇ. ನೀರಿಗೆ ಗಾಳಿ ಬೆರೆಸುವ ಯಂತ್ರ, ಏರೇಟರ್ ಇತ್ತು, ಆದರೆ ಮಧ್ಯಾಹ್ನ ಓಡಿಸುತ್ತಿದ್ದೆ. ಆ ಹೊತ್ತಿಗೆ ಪಾಚಿಯೇ ಆಮ್ಲಜನಕ ಕೊಡುತ್ತಿರುತ್ತದೆ, ಅಲ್ವಾ?

ಬೆಳಗಿನ 5 ಗಂಟೆಗೆ ನೀರು ಪರೀಕ್ಷಿಸುವ ಕಿಟ್‌ನಲ್ಲಿ ಅಳೆದಾಗ ಗುಟ್ಟು ಗೊತ್ತಾಯಿತು. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಮಾತ್ರ. ಮಧ್ಯಾಹ್ನ 9 ಇತ್ತು. ಪಾಚಿ ಜಾಸ್ತಿಯಾಗಿ, ರಾತ್ರಿ ಅದೇ ಆಮ್ಲಜನಕ ತಿನ್ನುತ್ತಿತ್ತು. ಮಧ್ಯಾಹ್ನ ಮಾತ್ರ ಅಳೆದರೆ ಇದು ಕಾಣುವುದೇ ಇಲ್ಲ.

ಮೊದಲು ಮೂರು ದಿನ ಮೇವು ನಿಲ್ಲಿಸಿದೆ. ಪಾಚಿಗೆ ಗೊಬ್ಬರವಾಗುವ ಸಗಣಿ ಹಾಕುವುದನ್ನು ಪೂರ್ತಿ ಬಿಟ್ಟೆ. ಪಾಚಿ ಎಷ್ಟಿದೆ ನೋಡಲು ಕೋಲಿಗೆ ಬಿಳಿ ತಟ್ಟೆ ಕಟ್ಟಿ ನೀರಿಗೆ ಇಳಿಸಿದೆ. 15 ಸೆಂ.ಮೀ.ಗೇ ಮರೆಯಾಯಿತು, 30ರಿಂದ 40 ಇರಬೇಕು. ತಟ್ಟೆ 30ರವರೆಗೆ ಕಾಣುವ ತನಕ ದಿನಾ ಸ್ವಲ್ಪ ತಳದ ನೀರು ತೆಗೆದು ಹೊಸದು ತುಂಬಿದೆ. ಏರೇಟರ್ ರಾತ್ರಿ 12ರಿಂದ ಬೆಳಗ್ಗೆ 7ರವರೆಗೆ. ಮೋಡವಿದ್ದರೆ 10ಕ್ಕೇ ಶುರು, ಮೇವು ಅರ್ಧ. ಮೇವು ಈಗ ಮೀನಿನ ಒಟ್ಟು ತೂಕದ ಶೇ. 2, ಬೆಳಗ್ಗೆ 9ರ ನಂತರವೇ.

ಎಂಟನೇ ದಿನ ಮುಂಜಾನೆ 4.5 ಮಿಲಿಗ್ರಾಂ ಬಂತು. ಒಂದು ಮೀನೂ ಮೇಲೆ ಬಂದಿರಲಿಲ್ಲ.